ಮೇಣದಕ್ಕನ ಮನೆಯಲ್ಲಿ ಜಾಕೆಟ್‌ಗಳು ಒಣಗುತ್ತಿವೆ

ಬೆಳಗಿನ ಐದೂವರೆ. ಸೈಕಲ್ ಅಂಗಡಿಯ ಮೇಲಿನ ಎರಡನೇ ಮಹಡಿಯ ಮನೆ. ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗದ ಮೇಲೆ ಒಂಬತ್ತು ಜಾಕೆಟ್‌ಗಳು ತೂಗುತ್ತಿವೆ. ದೀಪ ಹಾಕಿಲ್ಲ. ಕಿಟಕಿಯಿಂದ ಬರುವ ಬೂದು ಬೆಳಕಿನಲ್ಲಿ ಅವು ನಿಂತಲ್ಲೇ ತೂಕಡಿಸುತ್ತಿರುವ ಮನುಷ್ಯರಂತೆ ಕಾಣುತ್ತವೆ. ಒಂದರ ಮೊಣಕೈ ಇನ್ನೂ ಮಡಚಿಕೊಂಡೇ ಇದೆ. ಇನ್ನೊಂದರ ಬಲಜೇಬು ಯಾರದೋ ಮುಷ್ಟಿಯ ಆಕಾರಕ್ಕೆ ಉಬ್ಬಿದೆ. ಅವುಗಳ ನಡುವೆ ಕುಳ್ಳನೆಯ ಹೆಂಗಸೊಬ್ಬರು ಬರಿಗಾಲಲ್ಲಿ, ಯಾರಿಗೂ ಎಚ್ಚರವಾಗದಿರಲಿ ಎಂಬಂತೆ ಓಡಾಡುತ್ತಾರೆ. ಪ್ರತಿಯೊಂದರ ಹೆಗಲನ್ನೂ ಹಿಂಗೈಯಿಂದ ಮುಟ್ಟಿ ನೋಡುತ್ತಾರೆ, ಜ್ವರ ಇಳಿಯಿತೇ ಎಂದು ನೋಡುವ ಹಾಗೆ.

ಬೀದಿಯವರೆಲ್ಲ ಇವರನ್ನು ಕರೆಯುವುದು ಮೇಣದಕ್ಕ ಎಂದು. ವಯಸ್ಸು ಐವತ್ತೆರಡು. ಹಳೆಯ ಜಾಕೆಟ್‌ಗಳು ಮತ್ತೆ ಮಳೆ ತಡೆಯುವಂತೆ ಮಾಡುವುದು ಇವರ ಕೆಲಸ. ಅಂಗಡಿಯಿಲ್ಲ, ಬೋರ್ಡಿಲ್ಲ. ಕೆಳಗಿನ ಸೈಕಲ್ ಅಂಗಡಿಯವನನ್ನು ಕೇಳಿದರೆ ಪಂಪು ಹಿಡಿದ ಕೈಯಲ್ಲೇ ಮೆಟ್ಟಿಲು ತೋರಿಸುತ್ತಾನೆ.

ಹಗ್ಗದಿಂದ ದಪ್ಪ ಹತ್ತಿಯ ಜಾಕೆಟ್ಟೊಂದನ್ನು ಇಳಿಸಿ ಮೇಜಿನ ಮೇಲೆ ಹಾಸುತ್ತಾರೆ. ಸೋಪಿನ ಬಿಲ್ಲೆಯಂಥ ಹಳದಿ ಮೇಣದ ತುಂಡು ಹಿಡಿದು ತೋಳಿನ ಮೇಲೆ ಉಜ್ಜತೊಡಗುತ್ತಾರೆ. ಜೇನುಮೇಣಕ್ಕೆ ಮೇಣದಬತ್ತಿಯ ಮೇಣ ಬೆರೆಸಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ, ಅಚ್ಚು ಹಾಕಿದ್ದು ಅದು. ಸರಕ್, ಸರಕ್ ಎಂಬ ಸದ್ದು ಬಿಟ್ಟರೆ ಮನೆಯೆಲ್ಲ ಮೌನ.

"ಬೆಳಗಿನ ಹೊತ್ತೇ ಸರಿ. ಬಿಸಿಲೇರಿದ್ರೆ ಮೇಣ ಬೆಣ್ಣೆ ಆಗಿಬಿಡುತ್ತೆ. ಎಷ್ಟು ಹಚ್ಚಿದೆ ಅಂತ ಕೈಗೆ ಗೊತ್ತಾಗಲ್ಲ. ಆಮೇಲೆ ಹಾಕ್ಕೊಂಡವರು ಜಾರು ಮೀನಿನ ಥರ ಓಡಾಡ್ಬೇಕಾಗುತ್ತೆ," ಎನ್ನುತ್ತಾರೆ.

ಕಿಟಕಿಯ ಪಕ್ಕದ ಕುರ್ಚಿಯಿಂದ ನಗು ಕೇಳುತ್ತದೆ. ಅದು ಅವರ ಅತ್ತೆ. ವಯಸ್ಸು ಎಂಬತ್ತೊಂದು. ಕಣ್ಣು ಮಂಜಾಗಿದೆ, ಬೆರಳು ಮತ್ತು ಮೂಗು ಮಾತ್ರ ಯಾರಿಗೂ ಬಿಟ್ಟುಕೊಡುವುದಿಲ್ಲ. ಸಿದ್ಧವಾದ ಜಾಕೆಟ್ಟಿನ ಮೇಲೆ ನೀರು ಸುರಿದು, ಒಳಗೆ ಕೈಯಿಟ್ಟು, ಪಾಸೋ ಫೇಲೋ ಹೇಳುವವರು ಅವರೇ.

"ನಂಗೆ ಸಂಬಳ ಇಲ್ಲ, ರಜೆ ಇಲ್ಲ. ಬರೀ ಟೀ ಕೊಟ್ಟು ದುಡಿಸ್ತಾಳೆ ನನ್ನ ಸೊಸೆ," ಎಂದು ಅತ್ತೆ ದೂರುತ್ತಾರೆ.

"ಟೀಗೆ ಎರಡು ಚಮಚ ಸಕ್ಕರೆ ಹಾಕ್ತೀನಲ್ಲ ಅತ್ತೆ, ಅದು ಸಂಬಳ ಅಲ್ವಾ?"

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಗುತ್ತದೆ.

ಬಂದವರು ನಲವತ್ತರ ಆಸುಪಾಸಿನ ಹೆಂಗಸು. ಎರಡೂ ಕೈಯಲ್ಲಿ ಪ್ಲಾಸ್ಟಿಕ್ ಚೀಲವೊಂದನ್ನು ಎದೆಗೆ ಒತ್ತಿ ಹಿಡಿದಿದ್ದಾರೆ. ಚೀಲದ ಬಾಯಿಗೆ ಗಂಟಿನ ಮೇಲೆ ಗಂಟು. ರೈಲ್ವೆ ಗೇಟಿನಲ್ಲಿ ಇಪ್ಪತ್ತು ವರ್ಷ ಬಾವುಟ ಹಿಡಿದು ನಿಂತಿದ್ದ ಗೇಟಣ್ಣನ ತಂಗಿ ಇವರು. ಗೇಟಣ್ಣ ಹೋದ ವರ್ಷ ತೀರಿಕೊಂಡ. ಅವನ ಕೆಲಸ ಈಗ ತಂಗಿಗೆ ಸಿಕ್ಕಿದೆ. ಇವತ್ತು ಗುರುವಾರ, ಸೋಮವಾರ ಬೆಳಗ್ಗೆ ಆರಕ್ಕೆ ಮೊದಲ ಡ್ಯೂಟಿ. ಭಾನುವಾರದಿಂದ ಮಳೆ ಅಂತ ರೇಡಿಯೋದಲ್ಲಿ ಹೇಳಿದ್ದಾರೆ.

"ಹೊಸ ಜಾಕೆಟ್ ಕೊಡೋದು ಮೂರು ತಿಂಗಳಾದ ಮೇಲಂತೆ. ಕೊಟ್ರೂ ನಂಗೆ ಮೊದಲನೇ ದಿನ ಇದೇ ಬೇಕು ಅಕ್ಕ. ಅವನು ನಿಂತ ಜಾಗದಲ್ಲಿ ಒಬ್ಬಳೇ ನಿಲ್ಲೋಕೆ ನಂಗೆ ಧೈರ್ಯ ಸಾಲಲ್ಲ," ಎನ್ನುತ್ತಾರೆ ಗೇಟಣ್ಣನ ತಂಗಿ. ಗಂಟು ಬಿಚ್ಚಲು ಕೈ ಹಾಕಿ ನಿಲ್ಲಿಸುತ್ತಾರೆ. "ಆದ್ರೆ ಒಂದು ಮಾತು. ಇದನ್ನ ಒಗೀಬಾರದು. ಹಾಗೇ ಮೇಲಿಂದ ಮೇಣ ಹಚ್ಚಿಬಿಡಿ."

"ಕೊಳೆ ಮೇಲೆ ಮೇಣ ಕೂರಲ್ಲ ಕಣಮ್ಮ."

"ಇದು ಕೊಳೆ ಅಲ್ಲ."

ಮೇಣದಕ್ಕನಿಗೆ ಅರ್ಥವಾಗುವುದಿಲ್ಲ. ಅತ್ತೆಗೆ ಆಗುತ್ತದೆ.

"ಅವಳ ಅಣ್ಣನ ವಾಸನೆ ಇದೆ ಕಣೇ ಅದರಲ್ಲಿ. ಅಷ್ಟೂ ಗೊತ್ತಾಗಲ್ವಾ ನಿಂಗೆ?"

ಗೇಟಣ್ಣನ ತಂಗಿ ತಲೆ ತಗ್ಗಿಸುತ್ತಾರೆ. "ಹದಿಮೂರು ತಿಂಗಳಾಯ್ತು. ದಿನಾ ಒಂದ್ಸಲ ಬಿಚ್ಚಿ, ಮೂಸಿ, ಮತ್ತೆ ಗಂಟು ಹಾಕ್ತೀನಿ. ಜಾಸ್ತಿ ಹೊತ್ತು ಬಿಚ್ಚಿಟ್ರೆ ಖಾಲಿ ಆಗಿಬಿಡುತ್ತೇನೋ ಅಂತ ಭಯ."

ಮೇಣದಕ್ಕ ಕೈಯ ಮೇಣವನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾರೆ. ಒಗೆಯದೆ ಹಚ್ಚಿ ಕೊಟ್ಟುಬಿಡಬಹುದು. ನೋಡುವವರಿಗೆ ಹೊಸದರಂತೆಯೇ ಹೊಳೆಯುತ್ತದೆ. ಆದರೆ ಆ ಗೇಟಿನಲ್ಲಿ ದಿನಕ್ಕೆ ನಲವತ್ತೆರಡು ರೈಲು ಹಾದುಹೋಗುತ್ತವೆ. ಪ್ರತಿ ರೈಲಿಗೂ ಕಾವಲುಗೂಡಿನಿಂದ ಹೊರಗೆ ಬಂದು ಬಾವುಟ ಹಿಡಿದು ನಿಲ್ಲಬೇಕು. ಮಳೆ ಬಂತೆಂದು ಒಳಗೆ ಕೂರುವಂತಿಲ್ಲ.

"ನಿಮ್ಮನ್ನ ಬಲವಂತ ಮಾಡಲ್ಲ. ಆದ್ರೆ ಒಗೀದೇ ಹಚ್ಚಲ್ಲ. ಇವತ್ತು ಮನೆಗೆ ತಗೊಂಡು ಹೋಗಿ. ಯೋಚನೆ ಮಾಡಿ ನಾಳೆ ಹೇಳಿ," ಎನ್ನುತ್ತಾರೆ. ಗೇಟಣ್ಣನ ತಂಗಿ ಚೀಲವನ್ನು ಮತ್ತೆ ಎದೆಗೆ ಒತ್ತಿಕೊಂಡು ಮೆಟ್ಟಿಲಿಳಿದು ಹೋಗುತ್ತಾರೆ.

ಇಷ್ಟು ಹಟ ಏಕೆ ಎಂದು ಕೇಳಿದರೆ ಅವರು ಹನ್ನೊಂದು ವರ್ಷ ಹಿಂದಕ್ಕೆ ಹೋಗುತ್ತಾರೆ. ಆಗ ಅವರ ಯಜಮಾನರು ನದಿ ದಾಟಿಸುವ ದೊಡ್ಡ ದೋಣಿಯಲ್ಲಿ ಹಗ್ಗ ಎಸೆಯುವ ಕೆಲಸದಲ್ಲಿದ್ದರು. ಇವರು ಇಸ್ತ್ರಿ ಅಂಗಡಿಯೊಂದರಲ್ಲಿ ದುಡಿಯುತ್ತಿದ್ದರು. ಮಳೆಗಾಲ ಹತ್ತಿರ ಬಂದಿತ್ತು. ಗಂಡನ ಜಾಕೆಟ್ ಬಿರುಸಾಗಿ ಕುತ್ತಿಗೆ ಕೆರೆಯುತ್ತದೆಂದು, ಬಟ್ಟೆ ಮೆತ್ತಗೆ ಮಾಡುವ ಘಮಘಮ ದ್ರಾವಣ ಹಾಕಿ ಒಗೆದು, ಮಡಚಿ ಇಟ್ಟರು. ಮಳೆಗೆ ಹಾಕುವ ಬಟ್ಟೆಯನ್ನು ಆ ದ್ರಾವಣದಲ್ಲಿ ಎಂದಿಗೂ ಅದ್ದಬಾರದು. ಅದರ ಪಸೆ ನೂಲಿಗೆ ಅಂಟಿಕೊಂಡು, ನೀರನ್ನು ತಳ್ಳುವ ಬದಲು ಕರೆದು ಒಳಗೆ ಕೂರಿಸಿಕೊಳ್ಳುತ್ತದೆ. ಇದು ಅವರಿಗೆ ಗೊತ್ತಿರಲಿಲ್ಲ.

"ಪ್ರೀತಿ ಜಾಸ್ತಿಯಾಯ್ತು. ಒಂದು ಮುಚ್ಚಳ ಹಾಕೋ ಕಡೆ ಎರಡು ಮುಚ್ಚಳ ಹಾಕ್ದೆ," ಎನ್ನುತ್ತಾರೆ. ನಗುತ್ತಲೇ ಹೇಳಿದರೂ ಕಣ್ಣು ನಗುವುದಿಲ್ಲ. ಮರುದಿನ ಹತ್ತು ಗಂಟೆ ಕಾಲ ಗಾಳಿಮಳೆಯಲ್ಲಿ ನಿಂತ ಗಂಡ ಮನೆಗೆ ಬಂದಾಗ ತುಟಿ ನೀಲಿಯಾಗಿತ್ತು. ಎದೆಗೆ ನೀರು ಕಟ್ಟಿ ಆರು ವಾರ ಮಲಗಿದರು. ಈಗಲೂ ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಂತು ಉಸಿರು ಎಳೆದುಕೊಳ್ಳುತ್ತಾರೆ. ಹಗ್ಗ ಬಿಟ್ಟು ದೋಣಿಕಟ್ಟೆಯ ಟಿಕೆಟ್ ಕಿಟಕಿಯಲ್ಲಿ ಕೂತಿದ್ದಾರೆ.

"ಗುಲಾಬಿ ವಾಸನೆ ಹೊಡೀತಾ ಜ್ವರ ಬಂದು ಮಲಗಿದ ಮೊದಲ ಮನುಷ್ಯ ನಾನೇ ಇರ್ಬೇಕು. ನೋಡೋಕೆ ಬಂದವರೆಲ್ಲ ಯಾವ ಮದುವೆಗೆ ಹೋಗಿದ್ದೆ ಅಂತ ಕೇಳೋರು," ಎಂದು ಯಜಮಾನರು ತಮಾಷೆ ಮಾಡುತ್ತಾರೆ. ಅವರಿಗೆ ಹೆಂಡತಿಯ ಮೇಲೆ ಒಂದು ದಿನವೂ ಸಿಟ್ಟು ಬಂದಿಲ್ಲವಂತೆ. ಮೇಣದಕ್ಕ ಮಾತ್ರ ತಮ್ಮನ್ನು ತಾವು ಅಷ್ಟು ಸುಲಭವಾಗಿ ಬಿಟ್ಟಿಲ್ಲ. ಗಂಡ ಮಲಗಿದ್ದ ಆರು ವಾರವೂ ಬಟ್ಟೆಚೂರುಗಳ ಮೇಲೆ ನೀರು ಹನಿಸುತ್ತ ಕೂತರು. ಲಾರಿಗಳ ಟಾರ್ಪಾಲು ಹೊಲಿಯುವ ಹಿರಿಯರೊಬ್ಬರ ಬಳಿ ಹೋಗಿ ಮೇಣದ ಪಾಕ ಕಲಿತರು. ಗಂಡನ ಜಾಕೆಟ್ ಸರಿಮಾಡಿದರು, ಆಮೇಲೆ ದೋಣಿಯ ಉಳಿದವರದು, ಆಮೇಲೆ ಅಂಚೆಯವರದು, ಹಾಲಿನ ವ್ಯಾನಿನವನದು, ಕಂಬ ಹತ್ತುವವರದು. ಇಸ್ತ್ರಿ ಅಂಗಡಿ ಬಿಟ್ಟರು.

ಕಲಿಯುವಾಗ ಇನ್ನೊಂದು ಎಡವಟ್ಟೂ ಆಯಿತು. ಪೇಪರ್ ಹಾಕುವವನೊಬ್ಬನ ತೆಳು ನೈಲಾನ್ ಜಾಕೆಟ್ಟಿಗೆ ಮೇಣ ಬಳಿದುಕೊಟ್ಟರು. ಅದು ಒಳಗಿನ ಬೆವರನ್ನು ಆವಿಯಾಗಿ ಹೊರಗೆ ಬಿಡುವ ಜಾತಿಯ ಬಟ್ಟೆ. ಮೇಣ ಅದರ ಉಸಿರು ಕಟ್ಟಿಸಿತು. "ಅಕ್ಕಾ, ಹೊರಗಿನ ಮಳೆ ನಿಲ್ಸಿದ್ರಿ, ಒಳಗೇ ಮಳೆ ಶುರುವಾಯ್ತು!" ಎಂದು ಅವನು ಬೀದಿಯಲ್ಲಿ ನಿಂತೇ ಕೂಗಿದನಂತೆ. ಅಂದಿನಿಂದ ಮೇಣ ದಪ್ಪ ಹತ್ತಿಗೆ ಮಾತ್ರ. ನೈಲಾನಿಗೆ ಮಳೆ ತಡೆಯುವ ಸ್ಪ್ರೇ.

ಮಳೆಗಾಲದಲ್ಲಿ ವಾರಕ್ಕೆ ಹದಿನೈದು ಜಾಕೆಟ್, ಉಳಿದ ದಿನಗಳಲ್ಲಿ ನಾಲ್ಕೋ ಐದೋ. ಒಂದೊಂದಕ್ಕೆ ನಾಲ್ಕು ಗಂಟೆಯ ಕೈಕೆಲಸ, ಒಂದೆರಡು ದಿನದ ತೂಗುವಿಕೆ. ಬಲಗೈಯ ಹೆಬ್ಬೆರಳು ನೆಟ್ಟಗಾಗುವುದನ್ನು ಮರೆತಿದೆ. ಇದುವರೆಗೆ ಎಷ್ಟು ಜಾಕೆಟ್ ಆಗಿರಬಹುದು ಎಂದರೆ, "ಮೂರ್ನಾಲ್ಕು ಸಾವಿರ ಆಗಿರ್ಬೇಕು. ಎಣಿಸಿಟ್ಟಿಲ್ಲ. ಮಕ್ಕಳ ತಲೆ ಬಾಚಿದ್ದನ್ನ ಯಾರಾದ್ರೂ ಎಣಿಸ್ತಾರಾ?" ಎನ್ನುತ್ತಾರೆ.

ಮನೆಯಲ್ಲಿ ತಾವೇ ಮಾಡಿಕೊಳ್ಳುವವರಿಗೂ ಮೇಣದಕ್ಕ ಮುಚ್ಚುಮರೆಯಿಲ್ಲದೆ ಹೇಳಿಕೊಡುತ್ತಾರೆ. "ಮೊದಲು ಒಳಗಿನ ಚೀಟಿ ಓದಿ, ಎಷ್ಟು ಬಿಸಿ ತಡೆಯುತ್ತೆ ಅಂತ ಬರ್ದಿರುತ್ತೆ. ಸಾದಾ ಸೋಪಲ್ಲಿ ಒಗೀರಿ. ನೊರೆ ಪೂರ್ತಿ ಹೋಗೋವರೆಗೂ ಜಾಲಿಸಿ, ಸೋಪು ಉಳಿದ್ರೂ ನೀರು ಹೀರುತ್ತೆ. ಎಷ್ಟೋ ನೈಲಾನ್ ಜಾಕೆಟ್ ಒಗೆದು, ತೆಳು ಬಟ್ಟೆ ಮೇಲಿಟ್ಟು ಸಣ್ಣ ಬಿಸಿಯಲ್ಲಿ ಇಸ್ತ್ರಿ ಆಡಿಸಿದ್ರೇ ಸಾಕು, ಮತ್ತೆ ಎಚ್ಚರ ಆಗುತ್ತೆ. ಆಮೇಲೆ ನೀರು ಹನಿಸಿ ನೋಡಿ. ಹನಿ ಮುತ್ತಿನ ಹಾಗೆ ನಿಂತ್ರೆ ಸರಿ. ಹರಡಿ ಕಪ್ಪಾದ್ರೆ ಮಾತ್ರ ಸ್ಪ್ರೇ ಹೊಡೀರಿ. ಕಿಟಕಿ ತೆಗೆದಿಟ್ಟು ಹೊಡೀರಿ ಮತ್ತೆ!"

ಶುಕ್ರವಾರ ಬೆಳಗ್ಗೆ ಗೇಟಣ್ಣನ ತಂಗಿ ಮತ್ತೆ ಬರುತ್ತಾರೆ. ಜಾಕೆಟ್ ಚೀಲದಲ್ಲಿಲ್ಲ, ತೋಳಿನ ಮೇಲಿದೆ. ಹೆಗಲ ಭಾಗ ಒದ್ದೆ.

"ಒಗೆಯೋದೂ ಬೇಡ, ಮೇಣಾನೂ ಬೇಡ, ಇದು ಹಾಗೇ ಮಳೆ ತಡೆಯುತ್ತೆ ಅಂತ ಸಿಟ್ಟಲ್ಲಿ ಹಾಕ್ಕೊಂಡು ಒಂದು ಮಗ್ ನೀರು ಸುರ್ಕೊಂಡೆ ಅಕ್ಕ. ಒಂದು ಕ್ಷಣಾನೂ ತಡೀಲಿಲ್ಲ. ಬೆನ್ನಿನವರೆಗೂ ಇಳೀತು." ಜಾಕೆಟ್ಟಿನ ಒದ್ದೆ ಹೆಗಲನ್ನು ಸವರುತ್ತಾರೆ. "ಕೊನೇ ವರ್ಷ ಎಲ್ಲ ಇದನ್ನೇ ಹಾಕ್ಕೊಂಡು ನಿಂತಿದ್ದಾನೆ. ಒಂದು ದಿನ, ಒಂದೇ ಒಂದು ದಿನ ನೆನೀತೀನಿ ಅಂತ ಮನೇಲಿ ಹೇಳ್ಲಿಲ್ಲ. ಕೇಳಿದ್ರೆ, ಜಾಕೆಟ್ ಇದೆಯಲ್ಲ ಅನ್ನೋನು."

ಮೇಣದಕ್ಕ ಅವರ ಕೈಹಿಡಿದು ಕೂರಿಸುತ್ತಾರೆ. ಕೇಳುತ್ತಾರೆ: "ಒಳಜೇಬನ್ನ ಹೊಲಿಗೆ ಬಿಚ್ಚಿ ಕೊಡ್ಲಾ? ಅಷ್ಟನ್ನ ಒಗೀದೇ ಇಟ್ಕೊಳ್ಳಿ."

ಗೇಟಣ್ಣನ ತಂಗಿ ಯೋಚಿಸುತ್ತಾರೆ. ಆಸೆ ಮುಖದಲ್ಲಿ ಬಂದು ಹೋಗುತ್ತದೆ. "ಬೇಡ ಅಕ್ಕ. ಅದನ್ನೇ ಮೂಸ್ತಾ ಕೂತ್ರೆ ಡ್ಯೂಟಿಗೆ ಹೋಗೋದು ಯಾವಾಗ? ರೈಲು ಕಾಯುತ್ತಾ?"

"ಹಾಗಾದ್ರೆ ನಾನು ಒಗೆಯಲ್ಲ. ನೀವೇ ಒಗೀರಿ. ನಾನು ಪಕ್ಕದಲ್ಲೇ ಕೂತಿರ್ತೀನಿ."

ಮೊದಲು ಜೇಬು ಖಾಲಿ ಮಾಡಬೇಕು. ರೈಲಿನ ವೇಳೆ ಬರೆದ ರಟ್ಟು. ಒಂದು ಗುಂಡಿ. ಮತ್ತೆ ಮಡಚಿ ಮಡಚಿ ಉಗುರಿನಷ್ಟಾಗಿಸಿದ ಪೆಪ್ಪರ್‌ಮೆಂಟ್ ಕಾಗದಗಳು, ಒಂದಲ್ಲ ಎರಡಲ್ಲ, ಹದಿನೇಳು. "ಕಳ್ಳ! ಡಾಕ್ಟರು ಸಿಹಿ ಮುಟ್ಟಬಾರದು ಅಂದಿದ್ರು. ನನ್ನಾಣೆ ಮುಟ್ಟಿಲ್ಲ ಅಂತಿದ್ದ!" ಎಂದು ತಂಗಿ ನಗಲು ಶುರುಮಾಡುತ್ತಾರೆ. ಆ ನಗು ಯಾವಾಗ ಅಳುವಾಯಿತೆಂದು ಹೇಳುವುದು ಕಷ್ಟ. ಮೇಣದಕ್ಕ ತಡೆಯುವುದಿಲ್ಲ. ಟಬ್ಬಿಗೆ ಉಗುರುಬೆಚ್ಚಗಿನ ನೀರು ತುಂಬುತ್ತಾರೆ.

ಜಾಕೆಟ್ ನೀರಿಗಿಳಿಯುತ್ತದೆ. ತೋಳುಗಳು ಒಮ್ಮೆ ಉಬ್ಬಿ, ತೇಲಿ, ನಿಧಾನ ಮುಳುಗುತ್ತವೆ. ಆಗ ಯಾರೂ ನಿರೀಕ್ಷಿಸದ್ದು ನಡೆಯುತ್ತದೆ. ಬೆಚ್ಚನೆಯ ನೀರು ತಾಕಿದ್ದೇ, ನೂಲಿನೊಳಗೆ ಅಡಗಿದ್ದ ವಾಸನೆಯೆಲ್ಲ ಒಮ್ಮೆಗೇ ಆವಿಯ ಜೊತೆ ಮೇಲೇಳುತ್ತದೆ. ಚೀಲ ಬಿಚ್ಚಿದಾಗ ಸಿಗುತ್ತಿದ್ದ ಎಳೆಯಷ್ಟಲ್ಲ, ಮನೆ ತುಂಬುವಷ್ಟು. ಹಜಾರದಲ್ಲಿ ಅತ್ತೆ ಕುರ್ಚಿಯಿಂದ ನೆಟ್ಟಗಾಗುತ್ತಾರೆ. ಕಣ್ಣು ಮುಚ್ಚಿ, ಬಂದವರನ್ನು ಪರಿಚಯ ಮಾಡಿಕೊಡುವ ದನಿಯಲ್ಲಿ ಒಂದೊಂದೇ ಹೇಳುತ್ತಾರೆ.

"ಎಂಜಿನ್ ಎಣ್ಣೆ... ಒದ್ದೆ ಕಬ್ಬಿಣ... ಲಾಟೀನಿನ ಹೊಗೆ... ಪೆಪ್ಪರ್‌ಮೆಂಟು... ಮತ್ತೆ ಒಬ್ಬ ಒಳ್ಳೇ ಮನುಷ್ಯನ ಬೆವರು."

"ಬಂದ," ಎನ್ನುತ್ತಾರೆ ತಂಗಿ. ಮೊಣಕೈವರೆಗೆ ಕೈ ನೀರಿನಲ್ಲಿದೆ. "ಅಕ್ಕಾ, ಬಂದ."

ಹಗ್ಗದ ಮೇಲಿನ ಜಾಕೆಟ್‌ಗಳು ಗಾಳಿಗೆ ಸ್ವಲ್ಪ ಸರಿದು ಜಾಗ ಕೊಟ್ಟಂತೆ ಕಾಣುತ್ತದೆ. ಎಷ್ಟು ಹೊತ್ತು ಹಾಗೆ ಇತ್ತೋ. ಟಬ್ಬಿನ ನೀರು ತಣ್ಣಗಾಗುತ್ತದೆ, ಕಿಟಕಿ ತೆರೆದಿದೆ, ಕೆಳಗಿನ ಬೀದಿಯಲ್ಲಿ ಸೈಕಲ್ ಗಂಟೆಗಳು. ಮೊದಲ ನೀರು ಕಪ್ಪು, ಎರಡನೆಯದು ಬೂದು. ನಾಲ್ಕನೆಯ ನೀರು ಕನ್ನಡಿಯಷ್ಟು ತಿಳಿ, ಅದಕ್ಕೆ ಯಾವ ವಾಸನೆಯೂ ಇಲ್ಲ. ತಂಗಿ ಜಾಕೆಟ್ ಎತ್ತಿ ಮೂಸುತ್ತಾರೆ. ಇನ್ನೊಮ್ಮೆ ಮೂಸುತ್ತಾರೆ. ಆಮೇಲೆ ಹಿಂಡದೆ, ಮೇಣದಕ್ಕ ಹೇಳಿಕೊಟ್ಟ ಹಾಗೆ ಟವಲಿನಲ್ಲಿ ಸುತ್ತಿ ಒತ್ತುತ್ತಾರೆ. ಅದನ್ನು ಮೇಣದಕ್ಕನ ಕೈಗೆ ಕೊಟ್ಟು ಮೆಟ್ಟಿಲಿಳಿಯುತ್ತಾರೆ.

ಆ ರಾತ್ರಿ ಫ್ಯಾನಿನ ಕೆಳಗೆ ಒಣಗಿದ ಜಾಕೆಟ್ಟಿಗೆ ಶನಿವಾರ ಬೆಳಗ್ಗೆ ಮೇಣ ಬೀಳುತ್ತದೆ. ಮೇಣದಕ್ಕ ಎಲ್ಲ ಕಡೆ ಉಜ್ಜಿ, ಹೊಲಿಗೆಗಳಿಗೆ ಹಳೇ ಟೂತ್‌ಬ್ರಶ್ಶಿನಿಂದ ತೀಡಿ, ಹೇರ್ ಡ್ರೈಯರಿನ ಬಿಸಿಗಾಳಿ ಹಿಡಿಯುತ್ತಾರೆ. ಬಿಳಿ ಪುಡಿಯಂತೆ ಕೂತಿದ್ದ ಮೇಣ ಕರಗಿ ನೂಲಿನೊಳಗೆ ಇಳಿಯುತ್ತದೆ, ಬಟ್ಟೆಯ ಬಣ್ಣ ಗಾಢವಾಗುತ್ತದೆ.

ಭಾನುವಾರ ಮಧ್ಯಾಹ್ನ ಪರೀಕ್ಷೆ. ಹೊರಗೆ ಮಳೆ ಆಗಲೇ ಹಿಡಿದಿದೆ. ಅತ್ತೆ ಒಂದು ಕೈಯನ್ನು ಜಾಕೆಟ್ಟಿನ ಒಳಗಿಟ್ಟು, ಇನ್ನೊಂದರಿಂದ ಲೋಟದ ನೀರು ಸುರಿದು ನೂರರವರೆಗೆ ಎಣಿಸುತ್ತಾರೆ. ಬೆನ್ನು ಪಾಸು. ಬಲತೋಳು ಪಾಸು. ಎಡಹೆಗಲಿಗೆ ಬಂದಾಗ ಎಣಿಕೆ ಹದಿನೆಂಟಕ್ಕೆ ನಿಲ್ಲುತ್ತದೆ.

"ಫೇಲು," ಎನ್ನುತ್ತಾರೆ.

ಮೇಣದಕ್ಕ ಬಟ್ಟೆಯನ್ನು ಬೆಳಕಿಗೆ ಹಿಡಿಯುತ್ತಾರೆ. ಇಪ್ಪತ್ತು ವರ್ಷ ಬಾವುಟದ ಕೋಲು ಒರಗಿ ಒರಗಿ ಆ ಜಾಗ ಜರಡಿಯಂತಾಗಿದೆ. ಮೇಣಕ್ಕೆ ಹಿಡಿದುಕೊಳ್ಳಲು ನೂಲೇ ಉಳಿದಿಲ್ಲ. ಒಳಗಿಂದ ತೇಪೆ ಬೇಕು, ತೆಳ್ಳಗಿರಬೇಕು, ನೀರು ಕುಡಿಯಬಾರದು. ಮನೆಯಲ್ಲಿ ಅಂಥ ಬಟ್ಟೆ ಇಲ್ಲ, ಅಂಗಡಿಗೆ ರಜೆ. ನಾಳೆ ಬೆಳಗ್ಗೆ ಆರಕ್ಕೆ ಡ್ಯೂಟಿ.

"ಯಾಕೆ ಹುಡುಕ್ತೀಯ? ನನ್ನ ಕೊಡೆ ಇಲ್ವಾ?" ಎನ್ನುತ್ತಾರೆ ಅತ್ತೆ.

"ನಿಮ್ಮ ಕೊಡೆ ಯಾರೂ ಮುಟ್ಟೋ ಹಾಗಿಲ್ಲ ಅಂತ ಮೂವತ್ತು ವರ್ಷದಿಂದ ಕೇಳಿದೀನಿ ಅತ್ತೆ."

"ಮಳೇಲಿ ನಾನೆಲ್ಲಿಗೆ ಹೋಗ್ತೀನಿ ಈಗ? ಕತ್ತರಿಸು. ನನ್ನ ಮಗನ ಎದುರಿಗೆ ಮಾತ್ರ ಕತ್ತರಿಸ್ಬೇಡ. ಅವನು ಕೇಳಿದಾಗ ಕೊಟ್ಟಿರಲಿಲ್ಲ ನಾನು."

ಕಪ್ಪು ಕೊಡೆಯ ಒಂದು ದಳ ಗೇಟಣ್ಣನ ಹೆಗಲಿನ ಒಳಗೆ ಸೇರುತ್ತದೆ. ಹೊಲಿಗೆಯ ಪ್ರತಿ ತೂತಿಗೂ ಮೇಣ, ಮತ್ತೆ ಬಿಸಿಗಾಳಿ. ಸಂಜೆ ಅತ್ತೆ ನೂರು ಎಣಿಸುತ್ತಾರೆ. ಸಂಶಯಕ್ಕೆ ಇನ್ನೂ ಐವತ್ತು ಎಣಿಸುತ್ತಾರೆ. ಅಂಗೈ ಒಣಗಿಯೇ ಇದೆ. ಯಜಮಾನರು ಜಾಕೆಟ್ಟನ್ನು ಮಡಚದೆ, ಹ್ಯಾಂಗರಿನಲ್ಲೇ ಹಿಡಿದು ತಂಗಿಯ ಮನೆಗೆ ಮುಟ್ಟಿಸಿ ಬರುತ್ತಾರೆ.

ಮೇಣದಕ್ಕ ತಾವು ಸರಿಮಾಡಿದ ಜಾಕೆಟ್‌ಗಳನ್ನು ನೋಡಲು ಹಿಂದೆ ಹೋಗುವವರಲ್ಲ. ಆದರೆ ಸೋಮವಾರ ಬೆಳಗ್ಗೆ ಹಾಸಿಗೆ ಅವರನ್ನು ಹಿಡಿದಿಡುವುದಿಲ್ಲ. ಗೇಟಿನಿಂದ ದೂರದ ಮುಚ್ಚಿದ ಅಂಗಡಿಯ ಮುಂಗಟ್ಟಿನಲ್ಲಿ ಹೋಗಿ ನಿಲ್ಲುತ್ತಾರೆ. ಮಳೆ ಓರೆಯಾಗಿ ಬೀಳುತ್ತಿದೆ. ಹಳಿ, ಆಕಾಶ, ರಸ್ತೆ ಎಲ್ಲ ಒಂದೇ ಬಣ್ಣ. ಗೇಟು ಇಳಿದಿದೆ. ಗೂಡಿನ ಬಾಗಿಲು ತೆರೆದು, ತೋಳು ಎರಡು ಸುತ್ತು ಮಡಚಿದ ದೊಡ್ಡ ಜಾಕೆಟ್ಟಿನಲ್ಲಿ ಒಬ್ಬರು ಹೊರಗೆ ಬರುತ್ತಾರೆ. ಹಸಿರು ಬಾವುಟ ಚಾಚಿ ನಿಲ್ಲುತ್ತಾರೆ.

ರೈಲು ಬರುತ್ತದೆ. ಬೆಳಕಿನ ಕಿಟಕಿಗಳು ಒಂದರ ಹಿಂದೊಂದು ಆ ಜಾಕೆಟ್ಟಿನ ಮೇಲೆ ಹಾದುಹೋಗುತ್ತವೆ. ಪ್ರತಿ ಕಿಟಕಿಗೂ ಹೆಗಲ ಮೇಲಿನ ನೂರಾರು ಹನಿಗಳು ಹೊಳೆದು, ಉರುಳಿ, ಕೆಳಗೆ ಬೀಳುತ್ತವೆ. ಒಂದೂ ನಿಲ್ಲುವುದಿಲ್ಲ. ಮೇಣದಕ್ಕ ಉಸಿರು ಬಿಡುತ್ತಾರೆ.

ಡ್ಯೂಟಿ ಮುಗಿಸಿ ಎರಡೂವರೆಗೆ ಗೇಟಣ್ಣನ ತಂಗಿ ಮೆಟ್ಟಿಲು ಹತ್ತಿ ಬರುತ್ತಾರೆ. ಅತ್ತೆಗೆ ಕಾಯುವ ತಾಳ್ಮೆಯಿಲ್ಲ, ಅವರು ಕೂರುವ ಮೊದಲೇ ಜಾಕೆಟ್ಟಿನೊಳಗೆ ಕೈ ತೂರಿಸುತ್ತಾರೆ. ಎಡಹೆಗಲು ಒಣಗಿದೆ. ಬೆನ್ನು ಒಣಗಿದೆ. ಮಣಿಕಟ್ಟಿನ ಹತ್ತಿರ ಮಾತ್ರ ಸ್ವಲ್ಪ ತಂಪು.

"ಅದು ಮಳೆ ಅಲ್ಲ ಅಜ್ಜಿ, ಕಣ್ಣು ಒರೆಸ್ಕೊಂಡಿದ್ದು," ಎನ್ನುತ್ತಾರೆ ತಂಗಿ. ಆಮೇಲೆ ಕಾಲರನ್ನು ಮೂಗಿನ ಹತ್ತಿರ ತಂದುಕೊಂಡು, "ಈಗ ಬರೀ ಮೇಣದ ವಾಸನೆ ಅಕ್ಕ. ಅವನು ಎಲ್ಲೂ ಇಲ್ಲ. ಆದ್ರೂ ಇಡೀ ದಿನ ಬೆಚ್ಚಗಿದ್ದೆ," ಎನ್ನುತ್ತಾರೆ.

ಅವರು ಹೋದ ಮೇಲೆ ಮೇಣದಕ್ಕ ಮುಂದಿನ ಜಾಕೆಟ್ ಇಳಿಸಿಕೊಳ್ಳುತ್ತಾರೆ. ಇಷ್ಟು ವರ್ಷ ಇಷ್ಟು ಜನರನ್ನು ಮಳೆಯಿಂದ ಕಾಯ್ದಿದ್ದೀರಿ, ನಿಮಗೇನು ಆಸೆ ಎಂದು ಕೇಳಿದರೆ ಗಲಿಬಿಲಿಗೊಳ್ಳುತ್ತಾರೆ. ಅಂಥ ಪ್ರಶ್ನೆ ಯಾರೂ ಕೇಳಿಲ್ಲ. ಸೊಟ್ಟ ಹೆಬ್ಬೆರಳಿನಿಂದ ಮೇಣದ ಅಂಚು ಸವರುತ್ತಾರೆ.

"ಮುಂದಿನ ವರ್ಷ ಆ ಜಾಕೆಟ್ಟು ಚೆನ್ನಾಗಿ ಕೊಳೆಯಾಗಿ ಬರ್ಬೇಕು," ಎನ್ನುತ್ತಾರೆ. "ಕಾಲರೆಲ್ಲ ಕಪ್ಪಾಗಿರ್ಬೇಕು. ಆಗ ಅದು ಅವಳ ಬೆವರಾಗಿರುತ್ತೆ. ಒಗೀರಿ ಅಕ್ಕ ಅಂತ ಮೇಜಿನ ಮೇಲೆ ಎಸೆದು ಹೋಗ್ಬೇಕು ಅವಳು. ಅಷ್ಟಾದ್ರೆ ಸಾಕು ನಂಗೆ."